ಆ ನಾಲ್ಕು ಅಕ್ಷರಗಳನ್ನು ಮಕ್ಕಳ ಫೈಲಿನಿಂದ ತೆಗೆಯಿರಿ: ಶಾಲೆ, ಕಾಲೇಜುಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಕೋರಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಸಂಸ್ಥೆಯಲ್ಲಿ ಮಕ್ಕಳಿಗೆ ಪರ್ಸನಾಲಿಟಿ ಟೆಸ್ಟ್ ಮಾಡಿಸಿ, ಅದರಿಂದ ಬಂದ ನಾಲ್ಕು ಅಕ್ಷರಗಳನ್ನು (ಐಎನ್‌ಟಿಜೆ, ಇಎಸ್‌ಎಫ್‌ಪಿ ಎಂಬಂಥವನ್ನು) ಫೈಲಿನಲ್ಲಿ ಬರೆದಿಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಆ ಅಕ್ಷರ ನೋಡಿ ಯಾವ ಮಗು ಜಾಣ, ಯಾವ ಮಗುವಿಗೆ ಓದಿನ ಹಸಿವಿದೆ, ಯಾರು ಯಾವ ವಿಷಯ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುತ್ತಿದ್ದರೆ ಇನ್ನೂ ಬೇಗ ನಿಲ್ಲಿಸಿ.

ನಾನು ಪಾಠ ಮಾಡುವವಳು. ಮಕ್ಕಳು ತಮ್ಮತಮ್ಮಲ್ಲೇ ಆಡುವ ಮಾತು ನನ್ನ ಕಿವಿಗೂ ಬೀಳುತ್ತದೆ. 'ನಾನು ಐಎನ್‌ಟಿಜೆ, ಅದಕ್ಕೇ ನಂಗೆ ಓದೋದು ಇಷ್ಟ' ಎಂದು ಒಬ್ಬ ಹುಡುಗ ಹೇಳುತ್ತಾನೆ. 'ನಂದು ಇಎಸ್‌ಎಫ್‌ಪಿ, ಕಷ್ಟದ ಪುಸ್ತಕ ಎಲ್ಲ ನಮ್ಮಂಥವರಿಗಲ್ಲ' ಎಂದು ಒಬ್ಬ ಹುಡುಗಿ ಹೇಳುತ್ತಾಳೆ. ಆ ಹುಡುಗನ ಹೆಮ್ಮೆಯಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಆ ಹುಡುಗಿ ಅರ್ಧ ಗಂಟೆಯಲ್ಲಿ ಒಂದು ಪ್ರಶ್ನಾವಳಿ ತುಂಬಿ, ಓದಿನ ಬಾಗಿಲನ್ನು ತಾನೇ ಮುಚ್ಚಿಕೊಂಡಿದ್ದಾಳೆ. ಅವಳ ಕೈಗೆ ಆ ಕಾಗದ ಕೊಟ್ಟವರು ದೊಡ್ಡವರಾದ ನಾವು.

ಈ ಟೆಸ್ಟ್ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮನುಷ್ಯರ ಮನಸ್ಸಿನ ಬಗೆಗಳ ಮೇಲೆ 1921ರಲ್ಲಿ ಒಂದು ದೊಡ್ಡ ಪುಸ್ತಕ ಹೊರತಂದರು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತು ಎಲ್ಲರ ಬಾಯಿಗೆ ಬರಲು ಆ ಪುಸ್ತಕ ಮುಖ್ಯ ಕಾರಣ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅದನ್ನು ಓದಿ ಮೆಚ್ಚಿಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಒಂದು ಪ್ರಶ್ನಾವಳಿಯ ರೂಪಕ್ಕೆ ತಂದರು. ನಾಲ್ಕು ಜೋಡಿ ಒಲವುಗಳು, ಪ್ರತಿ ಜೋಡಿಯಿಂದ ಒಂದೊಂದು ಅಕ್ಷರ, ಒಟ್ಟು 16 ಟೈಪ್. ಅದೇ ಇವತ್ತಿನ ಎಂಬಿಟಿಐ, ಅಂದರೆ ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್. ಇಬ್ಬರೂ ಮನಃಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರಲ್ಲ. ಆದರೂ ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಯುದ್ಧದ ದಿನಗಳಲ್ಲಿ ಮೊದಲ ಸಲ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರಿಗೆ ತಮಗೆ ಒಗ್ಗುವ ಕೆಲಸ ಸಿಗಲಿ, ಜನ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಿ ಎಂಬುದು ಅವರ ಆಸೆ. ಯಾರು ಬುದ್ಧಿವಂತರು ಎಂದು ಹೇಳಲು ಅವರು ಈ ಟೆಸ್ಟ್ ಮಾಡಲಿಲ್ಲ. ಇದು ಸಾಮರ್ಥ್ಯವನ್ನು ಅಳೆಯುವ ಟೆಸ್ಟ್ ಅಲ್ಲ, ಯಾವ ಟೈಪೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ಇದನ್ನು ನಡೆಸುವ ಸಂಸ್ಥೆಗಳೇ ಇವತ್ತಿಗೂ ಹೇಳುತ್ತವೆ.

ಹಾಗಿದ್ದೂ ಐಎನ್‌ಟಿಜೆ, ಐಎನ್‌ಟಿಪಿ ಎಂದರೆ ಮಹಾ ಬುದ್ಧಿವಂತರು, ಹುಟ್ಟಿನಿಂದಲೇ ಕಲಿಯುವ ಆಸೆ ಇರುವವರು ಎಂಬ ನಂಬಿಕೆ ಬೆಳೆದುಬಿಟ್ಟಿದೆ. ಅದು ಪೂರ್ತಿ ಗಾಳಿಮಾತು ಎಂದು ನಾನು ಹೇಳುವುದಿಲ್ಲ. ಓದಿನಲ್ಲಿ ಬಹಳ ಮುಂದಿರುವ ಮಕ್ಕಳ ಗುಂಪುಗಳಿಗೆ ಈ ಟೆಸ್ಟ್ ಕೊಟ್ಟಾಗ 'ಎನ್' ಅಕ್ಷರ (ವಿವರಗಳಿಗಿಂತ ವಿಚಾರಗಳತ್ತ ಒಲವು ಎಂಬ ಗುರುತು; ಅದರ ಜೋಡಿ 'ಎಸ್') ಬಂದವರು ಸಾಮಾನ್ಯಕ್ಕಿಂತ ಜಾಸ್ತಿ ಕಂಡಿದ್ದಾರೆ. ಆದರೆ ಯಾಕೆ ಹಾಗೆ ಎಂದು ಕೇಳಿಕೊಂಡರೆ ಇಡೀ ವಿಷಯ ಬೇರೆ ಥರ ಕಾಣುತ್ತದೆ.

ಪ್ರಶ್ನಾವಳಿಯನ್ನೇ ನೋಡಿ. 'ಎಸ್' ಬೇಕೋ 'ಎನ್' ಬೇಕೋ ಎಂದು ನಿರ್ಧರಿಸುವ ಪ್ರಶ್ನೆಗಳ ಧಾಟಿ ಹೀಗಿರುತ್ತದೆ: ನಿಮಗೆ ಕಣ್ಣಿಗೆ ಕಾಣುವ ವಿವರಗಳು ಇಷ್ಟವೋ, ಅದರ ಹಿಂದಿನ ವಿಚಾರಗಳು ಇಷ್ಟವೋ? ಸಿದ್ಧಾಂತ ಇಷ್ಟವೋ, ಕೆಲಸಕ್ಕೆ ಬರುವ ಮಾಹಿತಿ ಇಷ್ಟವೋ? ಒಬ್ಬ ಹುಡುಗ 'ವಿಚಾರಗಳು ಇಷ್ಟ, ಸಿದ್ಧಾಂತ ಇಷ್ಟ' ಎಂದು ಗುರುತು ಹಾಕುತ್ತಾನೆ. ಟೆಸ್ಟ್ ಅವನಿಗೆ 'ಎನ್' ಕೊಡುತ್ತದೆ. ಆಮೇಲೆ ವರದಿಯಲ್ಲಿ 'ಇವನಿಗೆ ವಿಚಾರಗಳೆಂದರೆ ಇಷ್ಟ' ಎಂದು ಬರುತ್ತದೆ. ಅವನು ಹೇಳಿದ್ದನ್ನೇ ಅವನಿಗೆ ವಾಪಸ್ ಕೊಟ್ಟಿದೆ, ಅಷ್ಟೇ ಅಲ್ವಾ? ಇದರಲ್ಲಿ ಹೊಸದಾಗಿ ಪತ್ತೆಯಾದದ್ದು ಏನೂ ಇಲ್ಲ. ಆದರೆ ನಾವು ಮಾತ್ರ ಇದನ್ನು ತಿರುಗಿಸಿ ಹೇಳುತ್ತೇವೆ. ಅವನು 'ಎನ್' ಆಗಿರುವುದರಿಂದ ಅವನಿಗೆ ಕಲಿಕೆ ಇಷ್ಟ ಎನ್ನುತ್ತೇವೆ. ಅವನ ಇಷ್ಟವೇ ಆ ಅಕ್ಷರ ತಂದದ್ದು ಎಂಬುದು ಮರೆತೇ ಹೋಗುತ್ತದೆ.

ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ವಿಚಾರಗಳನ್ನು ಇಷ್ಟಪಡುವುದು ಕಲಿಕೆಯ ಪ್ರೀತಿಯ ಒಂದು ಮುಖ ಮಾತ್ರ. ಇಪ್ಪತ್ತು ಬಗೆಯ ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸುವ ಮಗು ವಿವರಗಳನ್ನು ಪ್ರೀತಿಸುತ್ತದೆ. ಕೆಟ್ಟುಹೋದ ಗಡಿಯಾರವನ್ನು ಬಿಚ್ಚಿ, ಯಾವ ಹಲ್ಲು ಯಾವುದಕ್ಕೆ ಕೂರುತ್ತದೆ ಎಂದು ನೋಡುತ್ತಾ ಊಟ ಮರೆಯುವ ಮಗು ಕೈಗೆ ಸಿಗುವ ವಸ್ತುವನ್ನು ಪ್ರೀತಿಸುತ್ತದೆ. ಅಜ್ಜಿಯ ಎದುರು ಕೂತು ಹಳೆಯ ಕಾಲದ ಸಂಗತಿಗಳನ್ನು ಒಂದೊಂದಾಗಿ ಕೇಳಿ ತಿಳಿಯುವ ಮಗು ಜನರನ್ನು ಪ್ರೀತಿಸುತ್ತದೆ. ಆ ಪ್ರಶ್ನಾವಳಿಯ ಮುಂದೆ ಈ ಮೂವರಿಗೂ 'ಎಸ್' ಬರಬಹುದು. ಹಾಗೆ ಬಂದ ಮೇಲೆ ಇವರಿಗೆ ಕಲಿಯುವ ಆಸೆ ಕಡಿಮೆ ಎಂದು ಬರೆದಿಟ್ಟರೆ, ಇವರಲ್ಲಿ ಕಣ್ಣಮುಂದೆಯೇ ಇದ್ದ ಆಸೆಯನ್ನು ಶಾಲೆ ನೋಡಲೇ ಇಲ್ಲ ಎಂದಾಯಿತು.

ಚಾರ್ಲ್ಸ್ ಡಾರ್ವಿನ್ ಹುಡುಗನಾಗಿದ್ದಾಗ ಮೇಷ್ಟ್ರುಗಳೂ ತಂದೆಯೂ ಅವರನ್ನು ತೀರಾ ಸಾಮಾನ್ಯ, ಬುದ್ಧಿಯಲ್ಲಿ ಸ್ವಲ್ಪ ಕೆಳಗೇ ಎಂದುಕೊಂಡಿದ್ದರು. ಇದನ್ನು ಡಾರ್ವಿನ್ ತಾವೇ ಬರೆದುಕೊಂಡಿದ್ದಾರೆ. ತಮಗೆ ಥಟ್ಟನೆ ಅರ್ಥ ಮಾಡಿಕೊಳ್ಳುವ ಚುರುಕು ಇಲ್ಲ, ಆದರೆ ಬೇರೆಯವರ ಕಣ್ಣು ತಪ್ಪುವ ಸಂಗತಿಗಳನ್ನು ಗಮನಿಸುವುದರಲ್ಲಿ ತಾನು ಮುಂದು ಎಂದೂ ಬರೆದಿದ್ದಾರೆ. ಹುಡುಗಾಟದ ದಿನಗಳಲ್ಲಿ ಜೀರುಂಡೆ ಹಿಡಿಯುವ ಹುಚ್ಚು. ದೊಡ್ಡವರಾದ ಮೇಲೆ, 1846ರಿಂದ 1854ರವರೆಗೆ, ಸಮುದ್ರದ ಬಂಡೆಗಳಿಗೆ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಪುಟ್ಟ ಜೀವಿಗಳನ್ನು ಒಂದೊಂದಾಗಿ ಕೊಯ್ದು ನೋಡುವುದರಲ್ಲೇ ಎಂಟು ವರ್ಷ. ವಿವರಗಳ ಮೇಲೆ ಇಷ್ಟು ಪ್ರೀತಿ ಇದ್ದ ಮನುಷ್ಯನೇ ಜೀವವಿಜ್ಞಾನದ ಅತಿ ದೊಡ್ಡ ವಿಚಾರವನ್ನೂ ಕೊಟ್ಟದ್ದು. ಅವರಿಗೆ 'ಎಸ್' ಕೊಡುತ್ತೀರೋ, 'ಎನ್' ಕೊಡುತ್ತೀರೋ? ಯೂಂಗ್ ತಮ್ಮ ಪುಸ್ತಕದಲ್ಲಿ ಡಾರ್ವಿನ್ನರನ್ನು ಬಹಿರ್ಮುಖಿ ಚಿಂತಕರಿಗೆ ಉದಾಹರಣೆಯಾಗಿ ಕೊಟ್ಟರು. ಈಗಿನ ಟೈಪ್ ಪಟ್ಟಿಗಳಲ್ಲಿ ಅದೇ ಡಾರ್ವಿನ್ ಅಂತರ್ಮುಖಿಗಳ ಸಾಲಿನಲ್ಲಿ ಇರುವುದೂ ಉಂಟು. ಇಡೀ ಜೀವನದ ಬರಹ, ಪತ್ರ, ನೆನಪುಗಳು ಕೈಯಲ್ಲಿರುವ ಮನುಷ್ಯನ ವಿಷಯದಲ್ಲೇ ಹೀಗಾದರೆ, ಇನ್ನೂ ಬೆಳೆಯುತ್ತಿರುವ ಮಗುವಿನ ಬಗ್ಗೆ ಅಷ್ಟು ಖಚಿತವಾಗಿ ಹೇಗೆ ಬರೆಯುತ್ತೀರಿ?

ಟೈಪ್ ಎಂಬ ಗೆರೆಯ ತೊಂದರೆಯನ್ನೂ ಹೇಳಬೇಕು. ಒಂದು ತರಗತಿಯ ಮಕ್ಕಳ ಎತ್ತರ ಅಳೆದು, ನಡುವೆ ಒಂದು ಗೆರೆ ಎಳೆದು, ಮೇಲಿದ್ದವರೆಲ್ಲ 'ಉದ್ದ', ಕೆಳಗಿದ್ದವರೆಲ್ಲ 'ಗಿಡ್ಡ' ಎಂದು ಬರೆದರೆ ಹೇಗಿರುತ್ತದೆ? ಹೆಚ್ಚಿನ ಮಕ್ಕಳು ಗೆರೆಯ ಅಕ್ಕಪಕ್ಕದಲ್ಲೇ ಇರುತ್ತಾರೆ. ಒಂದು ಬೆರಳಿನ ವ್ಯತ್ಯಾಸಕ್ಕೆ ಇಬ್ಬರು ಗೆಳೆಯರು ಬೇರೆ ಬೇರೆ ಜಾತಿಯವರಾಗುತ್ತಾರೆ. ವ್ಯಕ್ತಿತ್ವದ ಅಳತೆಯಲ್ಲೂ ಇದೇ ಆಗುತ್ತದೆ. ಹೆಚ್ಚು ಜನ ಇರುವುದು ಮಧ್ಯದಲ್ಲಿ, ತುದಿಗಳಲ್ಲಿ ಇರುವವರು ಕಡಿಮೆ. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಅದೇ ಟೆಸ್ಟ್ ಕೊಟ್ಟಾಗ ಬಹಳ ಜನರಿಗೆ ಕನಿಷ್ಠ ಒಂದು ಅಕ್ಷರ ಬದಲಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರ ಟೈಪ್ ಬದಲಾದದ್ದಿದೆ. ಮಗು ಬದಲಾಗಿರುವುದಿಲ್ಲ, ಗೆರೆಯ ಈಚೆಯಿಂದ ಆಚೆಗೆ ಬಿದ್ದಿರುತ್ತದೆ.

'ಆದರೆ ವರದಿ ಓದಿದರೆ ನನ್ನದೇ ಕಥೆ ಅನಿಸುತ್ತದಲ್ಲ' ಎಂದು ಪೋಷಕರು ಹೇಳುತ್ತಾರೆ. ಅವರ ಅನಿಸಿಕೆ ಸುಳ್ಳಲ್ಲ. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಟೆಸ್ಟ್ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ಅವರವರ ವರದಿ ಎಂದು ಒಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ನಿಜವಾಗಿ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಸಾಲುಗಳನ್ನು ಅವರು ತೆಗೆದುಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಎಲ್ಲರಿಗೂ ಹೊಂದುವ ಮಾತನ್ನು 'ಇದು ನಿನ್ನ ಬಗ್ಗೆ' ಎಂದು ಕೊಟ್ಟರೆ ನಾವು ನಂಬುತ್ತೇವೆ. ಮಕ್ಕಳು ಇನ್ನೂ ಬೇಗ ನಂಬುತ್ತಾರೆ, ಯಾಕೆಂದರೆ ಅದು ಶಾಲೆಯ ಕೈಯಿಂದ ಬಂದದ್ದು.

ಹಾಗಾದರೆ ವ್ಯಕ್ತಿತ್ವಕ್ಕೂ ಬುದ್ಧಿಗೂ ಸಂಬಂಧವೇ ಇಲ್ಲವೇ? ಇದೆ. ಇಲ್ಲಿ ನಿಮ್ಮ ಗಮನ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ನಿಜವಾದ ಚಿತ್ರ ನಾಲ್ಕು ಅಕ್ಷರಗಳಿಗಿಂತ ತುಂಬಾ ಚೆನ್ನಾಗಿದೆ.

ಇವತ್ತು ಸಂಶೋಧಕರು ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆ. ಹೊಸತಿಗೆ ತೆರೆದುಕೊಳ್ಳುವ ಗುಣ, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವ ಗುಣ, ಜನರ ನಡುವೆ ಬೆರೆಯುವ ಗುಣ, ಹೊಂದಿಕೊಳ್ಳುವ ಗುಣ, ಬೇಗ ಆತಂಕಕ್ಕೆ ಒಳಗಾಗುವ ಗುಣ. ಇದರಲ್ಲಿ ಯಾರಿಗೂ ಟೈಪ್ ಇಲ್ಲ. ಪ್ರತಿ ಗುಣವೂ ಎಲ್ಲರಲ್ಲೂ ಇರುತ್ತದೆ, ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ಈ ಐದರಲ್ಲಿ ಬುದ್ಧಿಮತ್ತೆಯ ಜೊತೆ ಸ್ಪಷ್ಟವಾದ ನಂಟು ಇರುವುದು ಮೊದಲನೆಯದಕ್ಕೆ. ಎಂಬಿಟಿಐಯ 'ಎನ್' ಅಕ್ಷರ ಅಳೆಯುವುದೂ ಬಹುಪಾಲು ಇದೇ ಗುಣವನ್ನು ಎಂದು ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ 1989ರಲ್ಲೇ ತೋರಿಸಿದರು. ಜಾಣ ಮಕ್ಕಳ ಗುಂಪಿನಲ್ಲಿ 'ಎನ್' ಜಾಸ್ತಿ ಕಾಣುವುದು ಇದರಿಂದಲೇ.

ಆದರೆ ಆ ನಂಟು ಎಷ್ಟು ಗಟ್ಟಿ? ಫಿಲಿಪ್ ಅಕರ್‌ಮನ್ ಮತ್ತು ಎರಿಕ್ ಹೆಗೆಸ್ಟಾಡ್ 1997ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದಾಗ, ಈ ಗುಣಕ್ಕೂ ಓದಿ ಕೇಳಿ ಗಳಿಸಿದ ಜ್ಞಾನಕ್ಕೂ ಇರುವ ಸಂಬಂಧ 0.30 ಬಂತು (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ). ಹೊಸ ಒಗಟನ್ನು ಬಿಡಿಸುವ ಕಚ್ಚಾ ಬುದ್ಧಿಯ ಜೊತೆ ಅದು ಇನ್ನೂ ತೀರಾ ಕಡಿಮೆ. 0.30 ಎಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಇಬ್ಬರು ಮಕ್ಕಳನ್ನು ಸುಮ್ನೆ ಆರಿಸಿಕೊಳ್ಳಿ. ಹೊಸತಿಗೆ ಹೆಚ್ಚು ತೆರೆದುಕೊಳ್ಳುವ ಮಗುವೇ ಜ್ಞಾನದಲ್ಲೂ ಮುಂದಿದೆ ಎಂದು ಊಹೆ ಮಾಡಿ. 100 ಜೋಡಿಗಳಲ್ಲಿ ಹೀಗೆ ಮಾಡಿದರೆ ಸುಮಾರು 60 ಸಲ ಸರಿಯಾಗುತ್ತದೆ, 40 ಸಲ ತಪ್ಪುತ್ತದೆ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ. ದೊಡ್ಡ ಗುಂಪುಗಳನ್ನು ಅಧ್ಯಯನ ಮಾಡುವವರಿಗೆ ಆ 10ರ ವ್ಯತ್ಯಾಸ ಬೆಲೆಯುಳ್ಳದ್ದು. ನಿಮ್ಮ ಎದುರು ಕೂತ ಒಂದು ಮಗುವಿನ ಭವಿಷ್ಯ ಹೇಳಲು ಅದು ಏನೇನೂ ಸಾಲದು.

ಉಳಿದ ಗುಣಗಳ ಮಾತು ಬೇಗ ಮುಗಿಸುತ್ತೇನೆ. ಅಂತರ್ಮುಖಿಗಳೇ ಜಾಣರು ಎಂಬ ಮಾತಿಗೆ ಆಧಾರವಿಲ್ಲ. ಬಹಿರ್ಮುಖತೆಗೂ ಬುದ್ಧಿಮತ್ತೆಗೂ ಇರುವ ಸಂಬಂಧ ಸೊನ್ನೆಯ ಹತ್ತಿರ. ಮೂಲೆಯಲ್ಲಿ ಸುಮ್ಮನೆ ಕೂತ ಮಗು ಆಳವಾಗಿ ಯೋಚಿಸುತ್ತಿರಬಹುದು, ಮನೆಯ ಚಿಂತೆಯಲ್ಲೂ ಇರಬಹುದು, ಅಥವಾ ನಿದ್ದೆ ಸಾಲದೆ ಇರಬಹುದು. ಜೋರಾಗಿ ಮಾತಾಡುವ ಮಗು ಮಾತಾಡುತ್ತಲೇ ಯೋಚಿಸುತ್ತಿರಬಹುದು. ಆತಂಕ ಜಾಸ್ತಿ ಇರುವವರಿಗೆ ಬುದ್ಧಿಪರೀಕ್ಷೆಯಲ್ಲಿ ಅಂಕ ಸ್ವಲ್ಪ ಕಡಿಮೆ ಬರುತ್ತದೆ. ಅದರಲ್ಲಿ ಪರೀಕ್ಷೆಯ ಭಯದ ಪಾಲೂ ಇದೆ. ಹಾಗಾಗಿ ಆ ಮಕ್ಕಳಿಗೆ ಬೇಕಾದ್ದು ಧೈರ್ಯ, ಇನ್ನೊಂದು ಹಣೆಪಟ್ಟಿ ಬೇಡ.

ಶಿಸ್ತಿನ ಗುಣದ ಕಥೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬುದ್ಧಿಮತ್ತೆಯ ಜೊತೆ ಅದಕ್ಕೆ ಹೆಚ್ಚುಕಡಿಮೆ ನಂಟೇ ಇಲ್ಲ. ಆದರೆ ಓದಿನ ಫಲಿತಾಂಶದ ಜೊತೆ ಇದೆ. ಆರ್ಥರ್ ಪೊರೊಪ್ಯಾಟ್ 2009ರಲ್ಲಿ 70 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಬುದ್ಧಿಮತ್ತೆಯ ಪಾಲನ್ನು ಬದಿಗಿಟ್ಟರೂ ಈ ನಂಟು ಬಹುತೇಕ ಹಾಗೆಯೇ ಉಳಿಯಿತು. ದಿನಾ ಕೂತು ಓದುವ, ಅರ್ಧಕ್ಕೆ ಬಿಡದ ಮಗು ಮುಂದೆ ಬರುತ್ತದೆ. ಎರಡು ವರ್ಷಗಳ ನಂತರ ಸೋಫೀ ಫಾನ್ ಸ್ಟುಮ್ ಮತ್ತು ಅವರ ಜೊತೆಗಾರರು ಮೂರನೇ ಸಂಗತಿಯನ್ನೂ ಲೆಕ್ಕಕ್ಕೆ ತಂದರು: ತಿಳಿದುಕೊಳ್ಳುವ ಹಸಿವು. ಶ್ರಮ ಮತ್ತು ಹಸಿವು ಎರಡೂ ಸೇರಿದರೆ ಓದಿನ ಮೇಲೆ ಅವುಗಳ ಪರಿಣಾಮ ಬುದ್ಧಿಮತ್ತೆಗೆ ಸರಿಸಾಟಿ ಎಂದು ಅವರು ತೋರಿಸಿದರು. ನೋಡಿ, ಬುದ್ಧಿ ಬೇರೆ, ಶ್ರಮ ಬೇರೆ, ಹಸಿವು ಬೇರೆ. ಒಂದು ಮಗುವಿನಲ್ಲಿ ಇವು ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ. ಟೈಪ್ ಟೆಸ್ಟ್ ಇವನ್ನೆಲ್ಲ ಕಲಸಿ ಒಂದೇ ಹೆಸರು ಕೊಡುತ್ತದೆ.

ಹಸಿವು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೂ ಒಳ್ಳೆಯ ವಿವರಣೆ ಇದೆ. ರೇಮಂಡ್ ಕ್ಯಾಟೆಲ್ ಎಂಬ ಮನಃಶಾಸ್ತ್ರಜ್ಞ ಬುದ್ಧಿಯನ್ನು ಎರಡಾಗಿ ನೋಡಿದರು. ಒಂದು, ಹೊಸ ಸಮಸ್ಯೆಯನ್ನು ಅಲ್ಲೇ ಬಿಡಿಸುವ ಬುದ್ಧಿ. ಇನ್ನೊಂದು, ಕಲಿತು ಕಲಿತು ಗಟ್ಟಿಯಾದ ಬುದ್ಧಿ. ಮೊದಲನೆಯದನ್ನು ಕಲಿಕೆಯಲ್ಲಿ ತೊಡಗಿಸಿದಾಗ ಎರಡನೆಯದು ಬೆಳೆಯುತ್ತದೆ ಎಂಬುದು ಅವರ ವಾದ. ಎಲ್ಲಿ ತೊಡಗಿಸುತ್ತೇವೆ, ಎಷ್ಟು ಹೊತ್ತು ತೊಡಗಿಸುತ್ತೇವೆ ಎಂಬುದನ್ನು ಆಸಕ್ತಿ ತೀರ್ಮಾನಿಸುತ್ತದೆ. ಇಷ್ಟವಿರುವ ಮಗು ಒಂದು ಪುಟ ಜಾಸ್ತಿ ಓದುತ್ತದೆ, ಒಂದು ಪ್ರಶ್ನೆ ಜಾಸ್ತಿ ಕೇಳುತ್ತದೆ. ಹತ್ತು ವರ್ಷದಲ್ಲಿ ಆ ಒಂದೊಂದು ಪುಟ ದೊಡ್ಡ ಗಂಟಾಗುತ್ತದೆ. ಇನ್ನು, ಮಥಿಯಾಸ್ ಗ್ರೂಬರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಾನು ಎಲ್ಲ ಶಿಕ್ಷಕರಿಗೂ ಹೇಳಬಯಸುತ್ತೇನೆ. ಜನರಿಗೆ ಕೆಲವು ಪ್ರಶ್ನೆಗಳನ್ನು ಕೊಟ್ಟು, ಉತ್ತರಕ್ಕಾಗಿ ಕಾಯುವಾಗ ನಡುವೆ ಯಾವುದೋ ಒಂದು ಮುಖದ ಚಿತ್ರ ತೋರಿಸಿದರು. ಕುತೂಹಲ ಹೆಚ್ಚಿದ್ದ ಪ್ರಶ್ನೆಗಳ ಉತ್ತರ ಚೆನ್ನಾಗಿ ನೆನಪಿರುವುದು ಸಹಜ. ಆದರೆ ಆ ಹೊತ್ತಿನಲ್ಲಿ ತೋರಿಸಿದ, ಸಂಬಂಧವೇ ಇಲ್ಲದ ಮುಖಗಳೂ ಹೆಚ್ಚು ನೆನಪಿದ್ದವು. ಒಬ್ಬರೇ ವ್ಯಕ್ತಿ, ಒಂದೇ ವ್ಯಕ್ತಿತ್ವ. ಕುತೂಹಲ ಎದ್ದ ನಿಮಿಷದಲ್ಲಿ ಕಲಿಕೆ ಬೇರೆ, ಏಳದ ನಿಮಿಷದಲ್ಲಿ ಬೇರೆ.

ಇದನ್ನೇ ನಾನು ನಿಮಗೆ ಹೇಳಬೇಕೆಂದಿರುವುದು. ಕಲಿಯುವ ಆಸೆ ಮಗುವಿನ ಹಣೆಯಲ್ಲಿ ಬರೆದಿಟ್ಟ ಗುಣ ಮಾತ್ರ ಆಗಿದ್ದರೆ ನಮಗೆ ಮಾಡಲು ಹೆಚ್ಚು ಕೆಲಸವೇ ಇರುತ್ತಿರಲಿಲ್ಲ. ಅದು ಏಳುತ್ತದೆ, ಮಲಗುತ್ತದೆ, ನಾವು ಮಾಡುವ ಕೆಲಸದಿಂದ ಬದಲಾಗುತ್ತದೆ. ನಾವೇ ಅದನ್ನು ಕೊಲ್ಲಲೂಬಹುದು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ 1973ರಲ್ಲಿ ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ 'ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಅವರ ಟೈಪ್ ಬದಲಾಗಿತ್ತೇ? ಇಲ್ಲ. ದೊಡ್ಡವರು ಒಂದು ಷರತ್ತು ಹಾಕಿದ್ದರು.

ಬುದ್ಧಿಪರೀಕ್ಷೆಯ ಚರಿತ್ರೆಯಲ್ಲೂ ಇಂಥದ್ದೇ ನಡೆದಿದೆ. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಫ್ರಾನ್ಸಿನಲ್ಲಿ ಮೊದಲ ಬುದ್ಧಿಪರೀಕ್ಷೆ ಸಿದ್ಧಪಡಿಸಿದ್ದು ಯಾವ ಮಕ್ಕಳಿಗೆ ಹೆಚ್ಚು ಸಹಾಯ ಬೇಕು ಎಂದು ಗುರುತಿಸಲು. ಬುದ್ಧಿ ಎಂದರೆ ಹೆಚ್ಚಿಸಲಾಗದ ಒಂದು ಗೊತ್ತಾದ ಅಳತೆ ಎನ್ನುವವರನ್ನು ಬಿನೆ ಕಟುವಾಗಿ ವಿರೋಧಿಸಿದರು. ಅವರು 1911ರಲ್ಲಿ ತೀರಿಕೊಂಡರು. ಆಮೇಲೆ ಆ ಪರೀಕ್ಷೆಯನ್ನು ಬೇರೆಯವರು ಮಕ್ಕಳನ್ನು ಮೇಲೆ ಕೆಳಗೆ ಎಂದು ಜೋಡಿಸಲು ಬಳಸಿದರು. ಸಹಾಯಕ್ಕೆ ಹುಟ್ಟಿದ ಅಳತೆ ಮಕ್ಕಳನ್ನು ಬೇರ್ಪಡಿಸುವ ಅಳತೆಯಾಯಿತು. ಪರ್ಸನಾಲಿಟಿ ಟೆಸ್ಟ್ ವಿಷಯದಲ್ಲಿ ನಾವು ಅದೇ ದಾರಿ ಹಿಡಿಯುವುದು ಬೇಡ.

ಇನ್ನೊಂದು ಮಾತು. ಕೆಲವು ಕಡೆ ಇದರ ಜೊತೆಗೇ 'ಈ ಮಗು ನೋಡಿ ಕಲಿಯುತ್ತದೆ, ಆ ಮಗು ಕೇಳಿ ಕಲಿಯುತ್ತದೆ' ಎಂಬ ವಿಂಗಡಣೆಯೂ ನಡೆಯುತ್ತದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಜೊತೆಗಾರರು 2008ರಲ್ಲಿ ಈ ಬಗ್ಗೆ ಇದ್ದ ಸಂಶೋಧನೆಗಳನ್ನು ಪರಿಶೀಲಿಸಿದರು. ಆ ವಿಂಗಡಣೆಯ ಪ್ರಕಾರ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ಆ ಕಾಲಮ್ಮನ್ನೂ ಫೈಲಿನಿಂದ ತೆಗೆದುಬಿಡಿ.

ಫೈಲಿನಲ್ಲಿ ಖಾಲಿಯಾದ ಆ ಜಾಗಕ್ಕೆ ಏನು ಬರೆಯಬೇಕು ಎಂದು ನೀವು ಕೇಳಬಹುದು. ಮಗು ಮಾಡಿದ್ದನ್ನು ಬರೆಯಿರಿ. ಯಾರೂ ಹೇಳದೆ ತಾನಾಗಿ ಏನನ್ನು ಹುಡುಕಿಕೊಂಡು ಹೋಯಿತು, ಯಾವ ಪ್ರಶ್ನೆ ಕೇಳಿತು, ಯಾವ ಕೆಲಸವನ್ನು ಸೋತ ಮೇಲೂ ಮತ್ತೆ ಹಿಡಿಯಿತು. ತಾರೀಖು ಹಾಕಿ ಬರೆಯಿರಿ, ಯಾಕೆಂದರೆ ಮುಂದಿನ ವರ್ಷ ಅದು ಬೇರೆಯೇ ಆಗಿರುತ್ತದೆ. ಏನೂ ಬರೆಯಲು ಸಿಗದಿದ್ದರೆ ಮಗುವಿಗೆ ಆಸೆಯಿಲ್ಲ ಎಂದುಕೊಳ್ಳುವ ಮೊದಲು ನಮ್ಮ ವೇಳಾಪಟ್ಟಿ ನೋಡೋಣ. ತಾನಾಗಿ ಹುಡುಕಲು ಅದಕ್ಕೆ ವಾರದಲ್ಲಿ ಒಂದು ಗಂಟೆಯಾದರೂ ಕೊಟ್ಟಿದ್ದೇವೆಯೇ? ಲೈಬ್ರರಿಯ ಕಪಾಟಿಗೆ ಬೀಗ ಇದೆಯೇ? ತರಗತಿಯಲ್ಲಿ ಪಾಠಕ್ಕೆ ಹೊರತಾದ ಪ್ರಶ್ನೆ ಕೇಳಿದಾಗ 'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ' ಎಂದವರು ಯಾರು?

ವಿಷಯ ಆರಿಸಿಕೊಳ್ಳುವ ಹೊತ್ತಿನಲ್ಲಿ ಮಕ್ಕಳನ್ನು ಆ ವಿಷಯದ ಒಳಗೆ ಬಿಡಿ. ಎರಡು ವಾರ ಅದರ ಪಾಠಕ್ಕೆ ಕೂರಲಿ, ಅದರ ಲೆಕ್ಕ ಬಿಡಿಸಲಿ, ಅದರ ಪುಸ್ತಕ ಓದಲಿ. ಆಸಕ್ತಿ ಎಷ್ಟೋ ಸಲ ಕೈ ಹಾಕಿದ ಮೇಲೆ ಬರುತ್ತದೆ. ಮೊದಲೇ ಪ್ರಶ್ನಾವಳಿ ತುಂಬಿಸಿ ಕೇಳಿದರೆ ಮಗು ಏನು ಹೇಳೀತು? ತನಗೆ ಗೊತ್ತಿಲ್ಲದ ವಿಷಯ ತನಗೆ ಇಷ್ಟವೋ ಇಲ್ಲವೋ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಟೆಸ್ಟ್ ಈಗಾಗಲೇ ಮಾಡಿಸಿಬಿಟ್ಟಿದ್ದರೆ, ವರದಿಗಳನ್ನು ಮಕ್ಕಳ ಕೈಗೇ ಕೊಟ್ಟು ಒಂದು ಪಿರಿಯಡ್ ಅದಕ್ಕೆಂದೇ ಇಡಿ. ಪ್ರಶ್ನೆಗಳನ್ನು ಮತ್ತೆ ಒಟ್ಟಿಗೆ ಓದಿಸಿ. ಯಾವ ಉತ್ತರದಿಂದ ಯಾವ ಅಕ್ಷರ ಬಂತು ಎಂದು ಅವರೇ ಹುಡುಕಲಿ. ಫೋರರ್ ಮಾಡಿದ ಪ್ರಯೋಗವನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು, ಅದಕ್ಕೆ ಬೇಕಾಗಿರುವುದು ಒಂದೇ ಬರಹದ ಕೆಲವು ಪ್ರತಿಗಳು. ನಿಮ್ಮಲ್ಲಿ ಆಪ್ತಸಮಾಲೋಚಕರಿದ್ದರೆ ಈ ಪಿರಿಯಡ್ಡನ್ನು ಅವರಿಗೇ ವಹಿಸಿ, ಮುಂದಿನ ಪೋಷಕರ ಸಭೆಯಲ್ಲಿ ಅದೇ ಪಾಠವನ್ನು ತಂದೆ ತಾಯಂದಿರಿಗೂ ಮಾಡಿಸಿ. ಈ ವರ್ಷದ ವಿಷಯ ಆಯ್ಕೆ ಶುರುವಾಗುವ ಮೊದಲು ಇಷ್ಟು ಆಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಶಿಕ್ಷಕಿ